ಎಡಗಾಲಿನ ಕೆಲಸ

ಗುಜರಿಗೆ ಬಂದ ಆಂಬುಲೆನ್ಸಿನಿಂದ ಬಿಚ್ಚಿ ತಂದ ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ನಲವತ್ತೊಂದು ಸಾವಿರ. ಗುಜರಿಯವನು ನಲವತ್ತೈದರಿಂದ ಅಷ್ಟಕ್ಕೆ ಇಳಿಯುವುದರೊಳಗೆ ಇಬ್ಬರೂ ಮೂರು ಮೂರು ಲೋಟ ಚಹಾ ಕುಡಿದಿದ್ದರು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಒಂದು ಗೇಣು ಕತ್ತರಿಸಿ ಮತ್ತೆ ಬೆಸೆದುಕೊಟ್ಟ ಲೇತಿನವನಿಗೆ ಆರು ಸಾವಿರ. ಎಣ್ಣೆ ತಣಿಸುವ ಕೂಲರ್, ಅದರ ಪೈಪು, ಕೆಂಪು ಎಣ್ಣೆಯ ಡಬ್ಬಗಳು, ಅಗಲವಾದ ಹೊಸ ಬ್ರೇಕ್ ಪೆಡಲು, ಹಳೇ ಗೇರು ಕೋಲಿನ ತೂತು ಮುಚ್ಚಲು ಒಂದು ತಗಡು, ಎಲ್ಲ ಸೇರಿ ಹದಿನಾಲ್ಕು. ಹತ್ತು ದಿನ ಲಾರಿ ನಿಂತಿದ್ದಕ್ಕೆ ಹೋದ ಬಾಡಿಗೆ ಬೇರೆ. ಭಾವಮೈದನ ಕೂಲಿ, ಸೊನ್ನೆ. ಹಾಸಿಗೆಯಲ್ಲಿ ಅಂಗಾತ ಮಲಗಿ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಈ ಲೆಕ್ಕ ಹಾಕಿದ ಬೆಣ್ಣೆ ಡ್ರೈವರು ಪ್ರತಿ ಸಲದಂತೆ ಈ ಸಲವೂ ಆ ಸೊನ್ನೆಯ ಹತ್ತಿರ ಬಂದು ಎಡವಿದ. ಎಡವಿ, ಸಾವರಿಸಿಕೊಂಡು, ಇವತ್ತು ಕೂರುತ್ತೆ, ಇವತ್ತು ಗೇರ್ ಬಾಕ್ಸು ಕೂರುತ್ತೆ, ಇವತ್ತು ಸಂಜೆಯೊಳಗೆ ಲಾರಿ ರಸ್ತೆಗಿಳಿಯುತ್ತೆ ಎಂದುಕೊಂಡ ಕೂಡಲೇ ಎದ್ದು ಕೂತ. ಕಿಟಕಿಯಲ್ಲಿ ಆಗಷ್ಟೇ ಬೆಳಕು ಹರಿದಿತ್ತು.

“ಮದುವೆ ದಿನಾನೂ ಇಷ್ಟು ಬೇಗ ಎದ್ದಿರ್ಲಿಲ್ಲ ನೀವು,” ಎಂದಳು ಹೆಂಡತಿ, ಕಣ್ಣು ಬಿಡದೆ.

“ಆವತ್ತು ಗೇರು ಬದಲಾಯಿಸೋದು ಇರ್ಲಿಲ್ಲವಲ್ಲ.”

“ಬದಲಾಯಿಸಿದ್ರೆ ನನಗಾದ್ರೂ ಸುಖ ಇರ್ತಿತ್ತು.”

ಅವನು ನಕ್ಕ. ಅವಳೂ ನಗುತ್ತಾಳೇನೋ ಎಂದು ನೋಡಿದ. ಅವಳು ಎದ್ದು ಕೂದಲು ಗಂಟು ಹಾಕಿಕೊಳ್ಳುತ್ತ, ದಿನವೂ ಹೇಳುವುದನ್ನೇ ಹೇಳಿದಳು. “ಮತ್ತೆ ಅವನ ಕೈಗೇ ಕೊಟ್ಟಿದ್ದೀರಿ. ಒಂದು ಸಲ ನಿಮ್ಮ ಮಂಡಿ ತಗೊಂಡ. ಈ ಸಲ ಏನು ತಗೋತಾನೋ.” ಅವನು ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲಿ ಮುಳುಗಿದವನಂತೆ ತಲೆ ಬಗ್ಗಿಸಿದ. ಅವಳು ‘ಅವನು’ ಅನ್ನುತ್ತಿದ್ದದ್ದು ತನ್ನ ಸ್ವಂತ ತಮ್ಮನನ್ನು. ತಾಯಿ ಹೋದಾಗ ಆರು ವರ್ಷದ ಆ ಹುಡುಗನನ್ನು ಸೊಂಟದ ಮೇಲಿಟ್ಟುಕೊಂಡೇ ಅಡುಗೆ ಮಾಡಿದವಳು ಇವಳು. ಈಗ ಒಂದೂವರೆ ವರ್ಷದಿಂದ ನಾಲ್ಕು ಬೀದಿ ಆಚೆಗಿರುವ ಅವನ ಮನೆಯ ಹೊಸ್ತಿಲು ತುಳಿದಿಲ್ಲ. ಅವನಿಗೆ ಮಗಳು ಹುಟ್ಟಿದಾಗಲೂ ಹೋಗಲಿಲ್ಲ. ಆದರೆ ಅವಳು ಹೊಲಿಗೆಯವಳು, ಕೈ ಸುಮ್ಮನಿರಲಿಲ್ಲ. ಬೇರೆಯವರ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಕೂಡಿಸಿ ಒಂದು ಫ್ರಾಕು ಹೊಲಿದು ಪೆಟ್ಟಿಗೆಯಲ್ಲಿಟ್ಟಳು, ಕೊಡಲಿಲ್ಲ. ಮೂರು ತಿಂಗಳು ಬಿಟ್ಟು ಒಂದು ಅಳತೆ ದೊಡ್ಡದನ್ನು ಹೊಲಿದಳು. ಅದನ್ನೂ ಇಟ್ಟಳು. ಈಗ ಪೆಟ್ಟಿಗೆಯಲ್ಲಿ ನಾಲ್ಕು ಫ್ರಾಕು ಇವೆ. ಬೀಗದ ಕೈ ಹುಡುಕುವಾಗ ಒಮ್ಮೆ ಅವು ಅವನ ಕಣ್ಣಿಗೆ ಬಿದ್ದಿದ್ದವು; ಮೊದಲನೆಯದು ಅವನ ಅಂಗೈಗಿಂತ ಸ್ವಲ್ಪವೇ ದೊಡ್ಡದು. ಅವನು ಪೆಟ್ಟಿಗೆ ಮುಚ್ಚಿ, ಬೀಗದ ಕೈ ಸಿಗಲಿಲ್ಲ ಅಂದಿದ್ದ.

ಶೆಡ್ಡಿಗೆ ನಡೆದು ಹೋಗುವ ದಾರಿಯುದ್ದಕ್ಕೂ ಅವನ ಎಡ ಮಂಡಿ ತನ್ನ ಪಾಡಿಗೆ ತಾನು ಕರಕರ ಅನ್ನುತ್ತಿತ್ತು. ಅನ್ನಲಿ, ಇವತ್ತೊಂದು ದಿನ, ನಾಳೆಯಿಂದ ನಿನ್ನನ್ನು ಯಾರು ಕೇಳುತ್ತಾರೆ ಎಂದು ಅದಕ್ಕೇ ಹೇಳಿದ. ಇಪ್ಪತ್ಮೂರು ವರ್ಷ ಈ ಲಾರಿಯಲ್ಲಿ ಗಾಜು ಸಾಗಿಸಿದ್ದಾನೆ. ಕಿಟಕಿಯ ಗಾಜು, ಅಂಗಡಿ ಮುಂಗಟ್ಟಿನ ಗಾಜು, ಆಳೆತ್ತರದ ಕನ್ನಡಿ, ಎಲ್ಲವೂ ಹಿಂದಿನ ಮರದ ಚೌಕಟ್ಟಿಗೆ ಒರಗಿ, ನಡುವೆ ರಬ್ಬರು ಪಟ್ಟಿ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಬರುತ್ತವೆ. ಗಾಜಿಗೆ ರಸ್ತೆಯ ಗುಂಡಿಗಿಂತ ದೊಡ್ಡ ಶತ್ರು ಗೇರು. ಕ್ಲಚ್ಚನ್ನು ಒಂದು ಕೂದಲೆಳೆ ಬೇಗ ಬಿಟ್ಟರೆ ಲಾರಿ ಜಗ್ಗುತ್ತದೆ, ಲಾರಿ ಜಗ್ಗಿದರೆ ಹಿಂದೆ ಟಿಣ್ ಅನ್ನುತ್ತದೆ, ಆ ಟಿಣ್ ಅನ್ನುವುದು ಡ್ರೈವರನ ಎದೆಯಲ್ಲೇ ಒಡೆಯುತ್ತದೆ. ಒಂದೂವರೆ ವರ್ಷದ ಹಿಂದಿನ ಒಂದು ದಿನ ಬಿಟ್ಟರೆ ಇವನ ಲಾರಿಯಲ್ಲಿ ಆ ಸದ್ದು ಕೇಳಿದವರಿಲ್ಲ. ಗಾಜಿನ ಗೋದಾಮಿನ ಯಜಮಾನರು ಒಮ್ಮೆ ಇವನ ಪಕ್ಕ ಕೂತು, ಮೊಣಕಾಲ ಮೇಲೆ ತುಂಬಿದ ಚಹಾದ ಲೋಟ ಇಟ್ಟುಕೊಂಡು ಊರಾಚೆವರೆಗೆ ಹೋಗಿ, ಒಂದು ಹನಿ ಚೆಲ್ಲದ್ದನ್ನು ನೋಡಿ, ಇವನೇನೋ ಬೆಣ್ಣೆ ಕಣಯ್ಯಾ ಅಂದಿದ್ದರು. ಅಲ್ಲಿಂದ ಬಂದದ್ದು ಆ ಹೆಸರು. ಆಟೊಮ್ಯಾಟಿಕ್ ಗಾಡಿ ಓಡಿಸುವವರನ್ನು ಕಂಡರೆ ಇವನು, ‘ತೊಟ್ಟಿಲಲ್ಲಿ ಕೂತಿದ್ದೀಯೋ, ತೂಗೋರು ಯಾರು?’ ಎಂದು ಕಿಚಾಯಿಸುತ್ತಿದ್ದ. ಈಗ ಅದೇ ಬೆಣ್ಣೆ, ಐವತ್ತಾರನೆಯ ವಯಸ್ಸಿನಲ್ಲಿ, ತೊಟ್ಟಿಲು ಕಟ್ಟಿಸಿಕೊಳ್ಳುತ್ತಿದೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಾಲು ತಾನಾಗಿ ಬೇಗ ಬೇಗ ಬೀಳುತ್ತಿತ್ತು, ಕುಂಟುವುದೂ ಒಂದು ತಾಳಕ್ಕೆ ಬಂದಿತ್ತು.

ಶೆಡ್ಡಿನಲ್ಲಿ ಲಾರಿ ನೆಲ ಬಿಟ್ಟು ನಾಲ್ಕು ಕಬ್ಬಿಣದ ಕುದುರೆ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಭಾವಮೈದ, ಊರೆಲ್ಲ ಕಿವಿ ಎಂದು ಕರೆಯುವವನು, ಗೇರ್ ಬಾಕ್ಸಿನ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಚಿಕ್ಕಂದಿನಿಂದಲೂ ಅವನು ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, ಡಾಕ್ಟರು ಎದೆ ನೋಡುವ ಹಾಗೆ ನೋಡುತ್ತಿದ್ದ. ಎಷ್ಟೋ ಸಲ ಅದೂ ಬೇಕಿರಲಿಲ್ಲ. ಬೆಣ್ಣೆ ಲಾರಿ ತಿರುಗಿಸಿ ಒಳಗೆ ತರುತ್ತಿದ್ದಂತೆ, ಬೆನ್ನು ಹಾಕಿ ಕೂತವನು ತಿರುಗಿಯೂ ನೋಡದೆ, ‘ಭಾವಾ, ಹಿಂದಿನ ಎಡಗಡೆ ಬೇರಿಂಗು ಇನ್ನೊಂದು ತಿಂಗಳು ಅಷ್ಟೇ’ ಎನ್ನುತ್ತಿದ್ದ. ಸರಿಯಾಗಿ ಒಂದು ತಿಂಗಳಿಗೆ ಅದು ಹೋಗುತ್ತಿತ್ತು.

“ಬನ್ನಿ ಭಾವ. ನಿಮ್ಮನ್ನೇ ಕಾಯ್ತಿದ್ದೆ.”

“ಯಾಕೋ, ನಾನೇನು ರಿಬ್ಬನ್ ಕತ್ತರಿಸ್ಬೇಕಾ?”

“ಕೇಳ್ಬೇಕು. ಇದು ಕನ್ವರ್ಟರು.” ಕುಂಬಳಕಾಯಿ ಗಾತ್ರದ ಉಕ್ಕಿನ ಉಂಡೆಯೊಂದನ್ನು ಅವನು ಎರಡೂ ಕೈಯಲ್ಲಿ ಎತ್ತಿದ. “ನಿಮ್ಮ ಕ್ಲಚ್ಚು ಮಾಡ್ತಿದ್ದ ಕೆಲಸ ಇನ್ಮೇಲೆ ಇದು ಮಾಡುತ್ತೆ. ಇದನ್ನ ತಿರುಗಿಸ್ತಾ ತಿರುಗಿಸ್ತಾ ಒಳಗೆ ತಳ್ಬೇಕು. ಮೂರು ಮೆಟ್ಟಿಲು ಇಳಿಯುತ್ತೆ. ಮೂರು ಸಲ ಕಟ್ ಅನ್ಬೇಕು. ಎರಡಕ್ಕೇ ನಿಂತಿದ್ದು ಗೊತ್ತಾಗ್ದೆ ಬೋಲ್ಟು ಬಿಗಿದ್ವಿ ಅಂದ್ರೆ, ಸ್ಟಾರ್ಟ್ ಮಾಡಿದ ತಕ್ಷಣ ಒಳಗಿರೋ ಪಂಪು ಪುಡಿ. ನಲವತ್ತೊಂದು ಸಾವಿರ ಮಣ್ಣು ಪಾಲು.”

“ಆಂಬುಲೆನ್ಸಿಂದು ತಾನೆ. ಅದೇ ಎದ್ದು ಆಸ್ಪತ್ರೆಗೆ ಹೋಗುತ್ತೆ ಬಿಡು.”

ಕಿವಿ ನಗಲಿಲ್ಲ. ಉಂಡೆಯನ್ನು ತಬ್ಬಿಕೊಂಡು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹುಷಾರಿನಲ್ಲಿ ತಿರುಗಿಸಿದ. ಕಟ್. ಇನ್ನೂ ತಿರುಗಿಸಿದ. ಕಟ್. ಶೆಡ್ಡಿನ ತಗಡಿನ ಮೇಲೆ ಯಾವುದೋ ಹಕ್ಕಿ ಉಗುರು ಕೆರೆಯಿತು. ಮತ್ತೆ, ತುಂಬ ಆಳದಿಂದ, ಬಾವಿಗೆ ಬಿದ್ದ ಬೀಗದ ಹಾಗೆ, ಕಟ್.

“ಮೂರು! ಬಿತ್ತು ಕಣೋ!” ಎಂದು ಬೆಣ್ಣೆ ಡ್ರೈವರು ತೊಡೆ ತಟ್ಟಿದ.

“ಬಿತ್ತಾ? ನಿಜವಾಗ್ಲೂ ಕೇಳಿಸ್ತಾ ನಿಮಗೆ?”

“ಲೇತಿನವನಿಗೂ ಕೇಳಿಸಿರುತ್ತೆ.”

ಕಿವಿ ಉಂಡೆಯನ್ನು ಪೂರ್ತಿ ಹೊರಗೆಳೆದು, ಮೊದಲಿನಿಂದ ಶುರುಮಾಡಿದ. ಕಟ್, ಕಟ್, ಕಟ್. ಸ್ಕೇಲು ಇಟ್ಟು ಅಳೆದ. ಸರಿಯಿತ್ತು. ಮತ್ತೆ ಹೊರಗೆಳೆದ. ಮೂರನೆಯ ಸಲ ಕೂರಿಸುವಾಗ ಅವನ ಹಣೆಯ ನರ ಎದ್ದಿತ್ತು. “ಏನಾಯ್ತೋ ನಿನ್ನ ಕಿವಿಗೆ?” ಎಂದು ಇವನು ನಗುತ್ತಲೇ ಕೇಳಿದ. “ಇರ್ಲಿ ಭಾವ,” ಎಂದ ಅವನು, ನೆಲ ನೋಡುತ್ತ, “ಇತ್ತೀಚೆಗೆ ನಂಬೋದಿಲ್ಲ ಅದನ್ನ.” ಇವನ ನಗು ಬಾಯಲ್ಲೇ ಉಳಿಯಿತು, ಒಳಗೆ ಹೋಗಲೂ ಆಗದೆ ಹೊರಗೆ ಬರಲೂ ಆಗದೆ. ಆಗ ಗೋಡೆ ಕಂಡಿತು. ಹತ್ತು ದಿನದಿಂದ ಬಂದು ಹೋಗುತ್ತಿದ್ದರೂ ಕಾಣದ ಗೋಡೆ. ಅದರ ತುಂಬ ಸೀಮೆಸುಣ್ಣದ ಗೆರೆಗಳು, ಒಂದೊಂದು ಬೋಲ್ಟಿಗೆ ಒಂದೊಂದು ಗೆರೆ, ಎರಡನೆಯ ಸಲ ಬಿಗಿದು ನೋಡಿದ್ದಕ್ಕೆ ಅಡ್ಡಗೆರೆ, ಮೂರನೆಯ ಸಲ ನೋಡಿದ್ದಕ್ಕೆ ಸುತ್ತ ಒಂದು ಸೊನ್ನೆ. ಸೊನ್ನೆಗಳ ಸಾಲು ಬಾಗಿಲವರೆಗೂ ಹೋಗಿತ್ತು.

ಒಂದೂವರೆ ವರ್ಷದ ಹಿಂದೆ, ಅವತ್ತು ಗೋದಾಮಿನ ಏರಿನಲ್ಲಿ ಲಾರಿಯ ಮೇಲೆ ನಲವತ್ತೆರಡು ಗಾಜಿದ್ದವು. ಏರಿನ ನಡುವೆ ಒಂದು ಕೈಗಾಡಿ ಅಡ್ಡ ಬಂದು ನಿಲ್ಲಿಸಬೇಕಾಯಿತು. ಮತ್ತೆ ಹೊರಡಲು ಕ್ಲಚ್ ಒತ್ತಿದ. ಕಾಲು ಅರ್ಧ ಇಳಿದು, ಒಳಗೆ ಯಾವುದೋ ಹಗ್ಗ ಹರಿದ ಹಾಗೆ, ಅಲ್ಲೇ ಸತ್ತಿತು. ಇಂಜಿನ್ನೂ ಸತ್ತಿತು. ನೋವಿಗೆ ಎರಡೂ ಕೈ ಮಂಡಿಗೆ ಹೋದವು, ಬಲಗಾಲು ಬ್ರೇಕಿಗೆ ಹೋಗಲು ತಡಮಾಡಿತು. ಎಷ್ಟು ತಡ, ಒಂದು ಸಲ ಅಯ್ಯೋ ಅನ್ನುವಷ್ಟು. ಲಾರಿ ಹಿಂದಕ್ಕೆ ಉರುಳಿ ಗೋಡೆಗೆ ಗುದ್ದಿತು. ನಲವತ್ತೆರಡು ಗಾಜೂ ಒಟ್ಟಿಗೆ ಇಳಿದ ಸದ್ದು. ಆ ಸದ್ದಿಗೆ ಯಜಮಾನರು ಓಡಿ ಬಂದರು, ಹಮಾಲರು ಬಂದರು, ಎಲ್ಲರೂ ಬೆಣ್ಣೆಯ ಮುಖ ನೋಡಿದರು. ಆರು ತಿಂಗಳ ಹಿಂದೆಯೇ ಡಾಕ್ಟರು ಹೇಳಿದ್ದರು, ಮಂಡಿ ಸವೆದಿದೆ, ಕ್ಲಚ್ಚಿನ ಗಾಡಿ ಬಿಡಿ ಎಂದು. ಅದನ್ನು ಅವನು ಮನೆಯಲ್ಲೂ ಹೇಳಿರಲಿಲ್ಲ. “ಬ್ರೇಕ್ ಹಿಡೀಲಿಲ್ಲ,” ಎಂದಿತು ಅವನ ಬಾಯಿ. “ಯಾರು ಮಾಡಿದ್ದು ಬ್ರೇಕು?” ಎಂದರು ಯಜಮಾನರು. “ನಾಲ್ಕು ದಿನ ಆಯ್ತು, ನನ್ನ ಭಾವಮೈದ.” ಅಷ್ಟೇ. ಮಾತು ಮುಗಿಯಿತು. ಯಜಮಾನರ ಮೂರು ಲಾರಿ ಆ ವಾರವೇ ಕಿವಿಯ ಶೆಡ್ಡು ಬಿಟ್ಟವು. ಮಂಡಿ ಹೋದದ್ದು ಆ ಗುದ್ದಿನಿಂದ ಎಂದು ಹೆಂಡತಿ ತಾನೇ ತಿಳಿದುಕೊಂಡಳು. ಇವನು ಅಲ್ಲ ಅನ್ನಲಿಲ್ಲ, ಮಂಡಿಗೆ ಪಟ್ಟಿ ಸುತ್ತಿಕೊಂಡು ಅದೇ ಕ್ಲಚ್ಚನ್ನು ಒತ್ತುತ್ತ ಬಂದ. ಕಿವಿ ಮಾರನೆಯ ದಿನ ಬ್ರೇಕನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿ, ಏನೂ ಸಿಗದೆ, ಕೊನೆಗೆ ಇವನ ಮುಂದೆ ಬಂದು ನಿಂತು, “ಪೈಪಲ್ಲಿ ಗಾಳಿ ಉಳಿದಿರ್ಬೇಕು ಭಾವ. ನಂದೇ ತಪ್ಪು,” ಎಂದಿದ್ದ. ಇಲ್ಲದ ಗಾಳಿಯನ್ನು ಅವನೇ ಹುಡುಕಿ ತಂದಿದ್ದ. ಅವನಿಗೆ ಒಳಗೊಳಗೇ ಎಲ್ಲ ಗೊತ್ತಿದೆ, ದೊಡ್ಡವನೆಂಬ ಮರ್ಯಾದೆಗೆ ನುಂಗಿಕೊಂಡಿದ್ದಾನೆ ಎಂದು ಬೆಣ್ಣೆ ಡ್ರೈವರು ಈ ಒಂದೂವರೆ ವರ್ಷ ನಂಬಿದ್ದ. ಹಾಗೆ ನಂಬಿದರೆ ನಿದ್ದೆ ಬರುತ್ತಿತ್ತು. ಗೋಡೆಯ ಮೇಲಿನ ಸೊನ್ನೆಗಳು ಬೇರೆ ಹೇಳುತ್ತಿದ್ದವು. ಕಿವಿಗೆ ಏನೂ ಗೊತ್ತಿಲ್ಲ. ತಾನು ಭಾವನ ಕಾಲು ಮುರಿದವನು ಎಂದು ನಂಬಿಕೊಂಡೇ ಕೂಲಿ ಬೇಡವೆಂದಿದ್ದಾನೆ.

“ಜ್ಯಾಕ್ ಹಿಡೀರಿ ಭಾವ, ಎತ್ತೋಣ!”

ಹೇಳಬೇಕು ಅನ್ನುವಷ್ಟರಲ್ಲಿ ಗೇರ್ ಬಾಕ್ಸು ಮೇಲೇಳತೊಡಗಿತು, ಮೇಲೇಳುವ ಗೇರ್ ಬಾಕ್ಸಿನ ಕೆಳಗೆ ನಿಂತು ಯಾರಿಗೂ ಏನೂ ಹೇಳಲಾಗುವುದಿಲ್ಲ. ಬೆರಳಿನಷ್ಟು ಎಡಕ್ಕೆ, ಕೂದಲಿನಷ್ಟು ಮೇಲಕ್ಕೆ, ಹಾಂ, ಹಾಂ, ನಿಲ್ಲಿ, ಬಂತು, ಬಂತು ಭಾವ. ಇಂಜಿನ್ನೂ ಗೇರ್ ಬಾಕ್ಸೂ ಒಂದಕ್ಕೊಂದು ಮುಖ ಕೊಟ್ಟು ಕೂಡಿಕೊಂಡಾಗ ಅವನ ಮೈ ಜುಮ್ಮೆಂದಿತು. ಥೂ, ನಾಚಿಕೆಯಿಲ್ಲದ ಮೈ, ಎಂದುಕೊಂಡ. ತಪ್ಪಿನ ಮೂಟೆ ಹೊತ್ತೂ ಕುಣಿಯುತ್ತದೆ. ಬೋಲ್ಟುಗಳು ಬಂದವು, ಗೆರೆಗಳು ಬಂದವು, ಅಡ್ಡಗೆರೆ, ಸೊನ್ನೆ. ಮೋಟು ಮಾಡಿದ ಶಾಫ್ಟು ಅಳತೆ ಮಾಡಿದಂತೆ ಕೂತಿತು. ಕೆಂಪು ಎಣ್ಣೆ ಕೊಳವೆಯಲ್ಲಿ ಗುಟುಗುಟು ಇಳಿಯಿತು. ಕ್ಯಾಬಿನ್ನಿನಲ್ಲಿ ಹಳೇ ಕೋಲಿದ್ದ ಜಾಗದಲ್ಲಿ ಈಗ ಬೋಳು ತಗಡು, ಸೀಟಿನ ಮಗ್ಗುಲಿಗೆ ಹೊಸ ಗಿಡ್ಡ ಕೋಲು. ಮೂರು ಪೆಡಲಿದ್ದಲ್ಲಿ ಎರಡು. ಬ್ರೇಕ್ ಪೆಡಲು ಎರಡು ಪಾದ ಇಡುವಷ್ಟು ಅಗಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಲಾರಿ ತನ್ನ ಕಾಲ ಮೇಲೆ ತಾನು ನಿಂತಿತು.

ಬೆಣ್ಣೆ ಡ್ರೈವರು ಹತ್ತಿ ಕೂತು ಬೀಗದ ಕೈ ತಿರುಗಿಸಿದ. ಏನೂ ಆಗಲಿಲ್ಲ. ಮತ್ತೆ ತಿರುಗಿಸಿದ. ಟಿಕ್ ಅಂತಲೂ ಅನ್ನಲಿಲ್ಲ. ಕಿವಿಯ ಮುಖ ಬಿಳಿಚಿಕೊಂಡಿತು. “ಪಂಪು…” ಎಂದವನು, ಬಗ್ಗಿ ನೋಡಿ, ಎದೆ ಒತ್ತಿಕೊಂಡು ಉಸಿರು ಬಿಟ್ಟ. “ಕೋಲು ಎಲ್ಲಿದೆ ನೋಡಿ! ಓಡೋ ಜಾಗದಲ್ಲಿಟ್ಟುಕೊಂಡು ಸ್ಟಾರ್ಟ್ ಮಾಡಿದ್ರೆ ಆಗಲ್ಲ ಇದು. ನಿಲ್ಲೋ ಜಾಗಕ್ಕೆ ತಳ್ಳಿ.” ತಳ್ಳಿದ. ಇಂಜಿನ್ನು ಗುಡುಗಿತು. ಇಬ್ಬರೂ ಮಕ್ಕಳ ಹಾಗೆ ಕೇಕೆ ಹಾಕಿದರು.

“ಈಗ ಎಡಗಾಲು ಹಿಂದಕ್ಕೆ ಭಾವ. ಸೀಟಿನ ಕೆಳಗೆ ಮಡಚಿಟ್ಕೊಳ್ಳಿ. ಇನ್ಮೇಲೆ ಅದಕ್ಕೆ ಕೆಲಸ ಇಲ್ಲ.”

“ಪಿಂಚಣಿ ಕೊಡ್ಬೇಕಾ?”

“ಅದನ್ನ ಅಕ್ಕನ್ನ ಕೇಳಿ,” ಎಂದುಬಿಟ್ಟು, ಅಕ್ಕ ಎಂಬ ಮಾತು ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿದವನಂತೆ ಕಿವಿ ಆಚೆ ಕಿಟಕಿಗೆ ತಿರುಗಿದ.

ಬಲಗಾಲನ್ನು ಬ್ರೇಕಿನಿಂದ ಎತ್ತಿದ, ಅಷ್ಟೇ. ಲಾರಿ ಹೊರಟಿತು. ಯಾರೂ ಹೇಳದೆ, ಯಾರೂ ಜಗ್ಗದೆ, ಕೂತ ಮಗು ಎದ್ದು ಕೈ ಬಿಟ್ಟು ನಾಲ್ಕು ಹೆಜ್ಜೆ ಹಾಕಿದ ಹಾಗೆ. ಶೆಡ್ಡಿನ ಬಾಗಿಲು ದಾಟಿತು, ಲೇತಿನವನು ಕೈ ಎತ್ತಿದ, ಹಣ್ಣಿನ ಅಂಗಡಿ ಹಿಂದೆ ಹೋಯಿತು, ಬ್ಯಾಂಕು ಹೋಯಿತು. ಮೊದಲನೆಯ ಗೇರಿನಿಂದ ಎರಡನೆಯದಕ್ಕೆ ಯಾವಾಗ ಹೋಯಿತೋ! ಇಪ್ಪತ್ಮೂರು ವರ್ಷ ಅವನು ಕಾಲಿನಲ್ಲಿ, ಕೈಯಲ್ಲಿ, ಹಲ್ಲು ಕಚ್ಚಿ ಮಾಡುತ್ತಿದ್ದದ್ದನ್ನು ಈ ಆಂಬುಲೆನ್ಸಿನ ಹೆಣ ತನ್ನಷ್ಟಕ್ಕೆ ತಾನು, ಒಂದು ನಿಟ್ಟುಸಿರಿನಲ್ಲಿ ಮಾಡಿ ಮುಗಿಸುತ್ತಿತ್ತು. ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಿನ ಮಗ್ಗುಲಲ್ಲೇ ಖುಷಿ ಉಕ್ಕಿತು. “ಏರಿಗೆ ಹೋಗೋಣ ಕಣೋ,” ಎಂದ. ಯಾವ ಏರು ಎಂದು ಕಿವಿ ಕೇಳಬೇಕಿರಲಿಲ್ಲ. ಗೋದಾಮಿನ ಏರು ಬಂತು, ಆ ಗೋಡೆ ಬಂತು, ತೇಪೆ ಹಾಕಿದ ಸಿಮೆಂಟು ಬೇರೆ ಬಣ್ಣದಲ್ಲಿ ಕಾಣುತ್ತಿತ್ತು. ನಟ್ಟನಡುವೆ ಬೇಕೆಂದೇ ನಿಲ್ಲಿಸಿದ. ಬ್ರೇಕು ಬಿಟ್ಟ. ಲಾರಿ ಹಿಂದಕ್ಕೆ ಉರುಳಲಿಲ್ಲ. ಗೋಡೆಗೆ ಅಂಟಿದ ಹಲ್ಲಿಯ ಹಾಗೆ ನಿಂತಿತು. ಒಂದಿಷ್ಟು ಎಕ್ಸಿಲರೇಟರು ಕೊಟ್ಟರೆ ಏರಿತು. ಅವನು ಗಟ್ಟಿಯಾಗಿ ನಕ್ಕ, ಸ್ಟೀರಿಂಗಿಗೆ ಗುದ್ದಿದ, ನೋಡೋ, ನೋಡೋ ಇದನ್ನ, ಎಂದು ಕೂಗಿದ. ಕೂಗುತ್ತಲೇ ಏರು ಮುಗಿದು ನಾಲ್ಕು ರಸ್ತೆ ಕೂಡುವಲ್ಲಿಗೆ ಬಂದ. ಎದುರಿಗೆ ಸೈಕಲ್ಲೊಂದು ಅಡ್ಡ ಬಂತು. ಮೈ ಮರೆತ ಮೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ವೇಗ ಇಳಿಸಬೇಕು, ಗೇರು ಇಳಿಸಬೇಕು. ಎಡಗಾಲು ಸೀಟಿನ ಕೆಳಗಿನಿಂದ ಚಿಮ್ಮಿ ಬಂದು, ಕ್ಲಚ್ ಇದ್ದ ಜಾಗಕ್ಕೆ, ತಳದವರೆಗೂ, ಧಡಕ್ಕನೆ ಬಿತ್ತು. ಅಲ್ಲಿ ಕ್ಲಚ್ ಇರಲಿಲ್ಲ. ಅಗಲವಾದ ಬ್ರೇಕ್ ಪೆಡಲಿನ ಅಂಚಿತ್ತು. ಲಾರಿ ಗೋಡೆಗೆ ಗುದ್ದಿದಂತೆ ನಿಂತಿತು. ಕಿವಿಯ ಹಣೆ ಮುಂದಿನ ಗಾಜಿಗೆ ಹೊಡೆಯಿತು.

ಅವತ್ತು ಬೇಡಿಕೊಂಡರೂ ಇಳಿಯದ ಕಾಲು ಇವತ್ತು ಕೇಳದೆಯೇ ಇಳಿದಿತ್ತು.

“ಬ್ರೇಕು ಹಿಡ್ಕೊಂಡ್ಬಿಡ್ತಾ?” ಎಂದು ಕಿವಿ ಹಣೆ ಕೂಡ ಮುಟ್ಟಿಕೊಳ್ಳದೆ ಕೇಳಿದ. “ಪೆಡಲು ಬದಲಾಯಿಸುವಾಗ ನಾನೇ ಕಂಬಿ ಜಾಸ್ತಿ ಬಿಗಿದೆನೋ ಏನೋ. ಇರಿ, ಇಳೀಬೇಡಿ, ನೋಡ್ತೀನಿ.” ಇವನು ಬೇಡ ಅನ್ನುವಷ್ಟರಲ್ಲಿ ಅವನು ಇಳಿದು, ನಡುರಸ್ತೆಯಲ್ಲಿ ಅಂಗಾತ ಬಿದ್ದು, ಲಾರಿಯ ಕೆಳಗೆ ತೆವಳಿದ್ದ. ಹಿಂದೆ ಹಾರನ್ನುಗಳು ಶುರುವಾದವು. ಕೋಲನ್ನು ನಿಲ್ಲುವ ಜಾಗಕ್ಕೆ ತಳ್ಳಿ ಬೆಣ್ಣೆ ಡ್ರೈವರೂ ಇಳಿದ. ಲಾರಿಯಡಿಯಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿದ್ದವು, ಗ್ರೀಸು ಮೆತ್ತಿದ ಪ್ಯಾಂಟು, ಹಿಮ್ಮಡಿ ಸವೆದ ಚಪ್ಪಲಿ. ಒಳಗಿನಿಂದ ಮಾತು ಬರುತ್ತಲೇ ಇತ್ತು, ಬೋಲ್ಟು ಸರಿಯಿದೆ ಭಾವ, ಪೈಪೂ ಸರಿಯಿದೆ, ಎಲ್ಲೋ ನಾನೇ ಏನೋ ಮರೆತಿದ್ದೀನಿ. ಮುಖಕ್ಕೆ ಹೇಳಲಾಗದ್ದನ್ನು ಕಾಲಿಗೆ ಹೇಳಬಹುದು ಎಂದು ಅವನಿಗೆ ಹೊಳೆಯಿತೋ, ಅಥವಾ ಇನ್ನೊಂದು ನಿಮಿಷ ಈ ಮನುಷ್ಯ ಇಲ್ಲದ ತಪ್ಪನ್ನು ಹುಡುಕುವುದನ್ನು ನೋಡಲಾರೆ ಅನ್ನಿಸಿತೋ.

“ಹುಡುಕ್ಬೇಡ ಕಣೋ. ಬ್ರೇಕಲ್ಲ. ನನ್ನ ಎಡಗಾಲು.”

“ಕ್ಲಚ್ ಅಂತ ಒತ್ತಿದ್ರಾ?” ಕೆಳಗಿನಿಂದ ನಗು ಬಂತು. “ಎಲ್ರಿಗೂ ಆಗುತ್ತೆ ಭಾವ ಅದು, ಮೊದಲ ದಿನ.”

“ಇವತ್ತು ಮಾತ್ರ ಅಲ್ಲ. ಅವತ್ತೂ.”

ಕಾಲುಗಳು ಅಲ್ಲಾಡುವುದು ನಿಂತಿತು.

“ಅವತ್ತೂ ಬ್ರೇಕು ಸರಿಯಾಗೇ ಇತ್ತು. ಮಂಡಿ ಮೊದ್ಲೇ ಹೋಗಿತ್ತು. ಕ್ಲಚ್ ಇಳೀಲಿಲ್ಲ ನನ್ನ ಕೈಲಿ. ಎಲ್ರೂ ನನ್ನ ಮುಖಾನೇ ನೋಡ್ತಿದ್ರು. ಬ್ರೇಕ್ ಅಂದ್ಬಿಟ್ಟೆ.”

ಸೈಕಲ್ಲಿನವನು ಏನೋ ಬೈದು ಹೋದ. ಹಿಂದಿನ ಕಾರಿನವನು ತಲೆ ಹೊರಹಾಕಿ, ರಸ್ತೆ ನಿಮ್ಮಪ್ಪಂದಾ ಎಂದ. ಆಮೇಲೆ ಕಾಲುಗಳ ಕಡೆಯಿಂದ ಮಾತು ಬಂತು, ಮೆಲ್ಲಗೆ.

“ಪೈಪಲ್ಲಿ ಗಾಳಿ?”

“ಇರ್ಲಿಲ್ಲ.”

“ಒಂಚೂರೂ?”

“ಒಂಚೂರೂ ಇರ್ಲಿಲ್ಲ.”

ಕಿವಿ ತೆವಳಿಕೊಂಡು ಹೊರಬಂದ. ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬುಗುಟು ಎದ್ದಿತ್ತು. ಹೊಡೆಯುತ್ತಾನೆ ಎಂದುಕೊಂಡ ಇವನು, ಹೊಡೆದರೆ ಚೆನ್ನಾಗಿತ್ತು. ಕಿವಿ ಜೇಬಿನಿಂದ ಬಟ್ಟೆ ತೆಗೆದು ಒಂದೊಂದೇ ಬೆರಳು ಒರೆಸಿಕೊಂಡ, ಹತ್ತೂ ಬೆರಳು, ಅವು ತನ್ನವೇ ಹೌದೋ ಎಂದು ನೋಡಿಕೊಳ್ಳುವವನ ಹಾಗೆ. “ಹತ್ತಿ,” ಎಂದ. ಹತ್ತಿದರು. ಲಾರಿ ಹೊರಟಿತು. ಎಡಗಾಲನ್ನು ಇವನು ನೋವಾಗುವಷ್ಟು ಹಿಂದಕ್ಕೆ ಮಡಚಿಟ್ಟಿದ್ದ. ಕಿವಿ ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ. ಎರಡು ಬೀದಿ ಕಳೆಯಿತು.

“ಎರಡರಿಂದ ಮೂರಕ್ಕೆ ಹೋಗುವಾಗ ಒಂದೆಳೆ ತಡ ಮಾಡ್ತಿದೆ,” ಎಂದ, ಕಣ್ಣು ಮುಚ್ಚಿಕೊಂಡೇ. “ಎಕ್ಸಿಲರೇಟರಿಂದ ಬರೋ ಕೇಬಲ್ಲು ಸಡಿಲ ಇದೆ. ಅರ್ಧ ಸುತ್ತು ಬಿಗೀಬೇಕು.”

ಇವನಿಗೆ ಏನೂ ಕೇಳಿಸಿರಲಿಲ್ಲ. ಕಿವಿ ‘ನಿಮಗೂ ಕೇಳಿಸ್ತಾ’ ಎಂದು ಕೇಳಲೂ ಇಲ್ಲ. ಲಾರಿ ನಿಲ್ಲಿಸಿ ಅಂದವನು, ಬಾನೆಟ್ ಎತ್ತಿ, ಕೈ ಹಾಕಿ, ಅರ್ಧ ಸುತ್ತು ಬಿಗಿದು, ಬಾನೆಟ್ ಮುಚ್ಚಿದ. ಎರಡನೆಯ ಸಲ ನೋಡಲಿಲ್ಲ. ಬಂದು ಕೂತ. ಬೆಳಗಿನಿಂದ ಇದ್ದ ಸಂಭ್ರಮ ಇದಕ್ಕೇ ಕಾದಿತ್ತೇನೋ ಅನ್ನಿಸಿತು ಬೆಣ್ಣೆ ಡ್ರೈವರಿಗೆ.

“ನನ್ನ ಕೂಲಿ ಕೊಡಿ ಭಾವ. ಹತ್ತು ದಿನದ್ದು. ಇಪ್ಪತ್ತೆರಡು ಸಾವಿರ ಆಗುತ್ತೆ, ಒಂದು ಕಾಸೂ ಬಿಡಲ್ಲ.”

“ಕೊಡ್ತೀನಿ.”

“ಯಜಮಾನರಿಗೆ?”

“ನಾಳೆ ಬೆಳಿಗ್ಗೆ ನಾನೇ ಹೋಗಿ ಹೇಳ್ತೀನಿ.”

“ಅಕ್ಕನಿಗೆ ಈಗ. ನಾನು ಹೊರಗೆ ನಿಂತಿರ್ತೀನಿ. ನಿಮ್ಮ ಬಾಯಿಂದಾನೇ ಆಗ್ಬೇಕು.”

ಮನೆಯ ಮುಂದೆ ಲಾರಿ ನಿಂತಾಗ ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಅವಳು ತಲೆ ಎತ್ತದೆ, “ಓಡ್ತಾ ನಿಮ್ಮ ತೊಟ್ಟಿಲು?” ಎಂದಳು. ಆಮೇಲೆ, “ಬ್ರೇಕು ನೋಡಿಕೊಂಡ್ರಾ?” ಎಂದಳು. ಅವನು ಬಾಗಿಲಲ್ಲೇ ನಿಂತು ಹೇಳಿದ. ಹೇಳಬೇಕಾದ್ದು ನಾಲ್ಕೇ ಮಾತಿತ್ತು. ಒಂದೂವರೆ ವರ್ಷ ಅದು ನಾಲ್ಕೇ ಮಾತು ಎಂದು ಅವನಿಗೆ ಗೊತ್ತಾಗಿರಲಿಲ್ಲ. ಎರಡನೆಯ ಮಾತಿಗೆ ಯಂತ್ರದ ಮೇಲಿದ್ದ ಅವಳ ಪಾದ ನಿಂತಿತು.

“ಮಂಡಿ?”

“ಅದಕ್ಕೂ ಆರು ತಿಂಗಳು ಮೊದ್ಲೇ ಡಾಕ್ಟರು ಹೇಳಿದ್ರು.”

“ಯಾಕ್ರೀ ಹೇಳ್ಲಿಲ್ಲ?”

“ಎಲ್ಲ ಬೆಣ್ಣೆ ಬೆಣ್ಣೆ ಅಂತಿದ್ರು.”

“ಬೆಣ್ಣೆ!” ಎಂದಳು ಅವಳು. ಅಷ್ಟು ಹೊಲಸಾದ ಬೈಗುಳವನ್ನು ಅವನು ಲಾರಿ ಸ್ಟ್ಯಾಂಡಿನಲ್ಲೂ ಕೇಳಿರಲಿಲ್ಲ. ಎದ್ದು ಪೆಟ್ಟಿಗೆ ತೆಗೆದಳು, ಫ್ರಾಕುಗಳನ್ನು ಎದೆಗವಚಿಕೊಂಡಳು, ಅವನನ್ನು ಬಾಗಿಲಿನ ಹಾಗೆ ಪಕ್ಕಕ್ಕೆ ತಳ್ಳಿ ಹೊರಗೆ ನಡೆದಳು. ಲಾರಿಗೆ ಒರಗಿ ನಿಂತಿದ್ದ ತಮ್ಮ ನೆಟ್ಟಗಾದ.

“ಹಣೆಗೇನೋ ಆಗಿದೆ?”

“ಗಾಜು ತಾಗ್ತು ಅಕ್ಕಾ.”

“ನೀನೂ ಒಬ್ಬ. ಯಾಕೆ ಬರ್ತಿಲ್ಲ ಅಂತ ಒಂದು ದಿನ ಬಂದು ಕೇಳೋದಕ್ಕೆ ಆಗ್ಲಿಲ್ವಾ ನಿನಗೆ?”

“ಯಾಕೆ ಅಂತ ಗೊತ್ತಿತ್ತಲ್ಲ.”

“ಏನು ಗೊತ್ತಿತ್ತು? ನಿನಗೂ ಏನೂ ಗೊತ್ತಿರ್ಲಿಲ್ಲ, ನನಗೂ ಏನೂ ಗೊತ್ತಿರ್ಲಿಲ್ಲ.” ಸೆರಗಿನ ತುದಿಯಿಂದ ಅವನ ಹಣೆಯ ಧೂಳು ಒರೆಸಿದಳು, ಒರೆಸಿದ್ದಕ್ಕಿಂತ ಉಜ್ಜಿದ್ದು ಹೆಚ್ಚು. “ಮನೆಗೆ ನಡಿ. ಮಗು ನೋಡ್ಬೇಕು. ನೀನೇ ಓಡಿಸು.” ಬಾಗಿಲು ಹಿಡಿದು ಹತ್ತುತ್ತ ಗಂಡನ ಕಡೆ ತಿರುಗಿದಳು. “ಇಲ್ಲಿ ಮೂರು ಜನಕ್ಕೆ ಜಾಗ ಇದೆ. ಆದ್ರೂ ನೀವು ಹಿಂದೆ ಹತ್ತಿ.”

ಅವನು ಹಿಂದೆ ಹತ್ತಿದ. ಇಪ್ಪತ್ಮೂರು ವರ್ಷದಲ್ಲಿ ಓಡುವ ತನ್ನ ಲಾರಿಯ ಹಿಂದೆ ಅವನು ನಿಂತದ್ದು ಇದೇ ಮೊದಲು. ಗಾಜು ಒರಗುವ ಮರದ ಚೌಕಟ್ಟಿಗೆ ಬೆನ್ನು ಕೊಟ್ಟು, ರಬ್ಬರು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬೀದಿಯ ಜನ ನೋಡಿದರು. ಯಾರೋ ಪರಿಚಯದವರು, “ಏನ್ ಬೆಣ್ಣೆ, ಇವತ್ತು ಲೋಡು ನೀನೇನಾ?” ಎಂದು ಕೂಗಿದರು. ಮುಖ ಸುಟ್ಟಿತು. ಜಗ್ಗುತ್ತದೆ ಎಂದು ಕಾಲು ಬಿಗಿಮಾಡಿಕೊಂಡು ಕಾದ, ಜಗ್ಗಲಿಲ್ಲ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಎಲ್ಲಿ ಬದಲಾಯಿತೆಂದು ಅವನ ಬೆನ್ನಿಗೆ ತಿಳಿಯಲಿಲ್ಲ. ಗಾಜಿಗೂ ಹೀಗೇ ಇರುತ್ತದೆ, ಇನ್ನು ಮೇಲೆ, ಎಂದುಕೊಂಡ. ಮುಖ ಸುಡುತ್ತಿದ್ದ ಹಾಗೇ ನಗು ಬಂತು. ಕ್ಯಾಬಿನ್ನಿನ ಹಿಂಬದಿಯ ಕಿಂಡಿಯಲ್ಲಿ ಅಕ್ಕ ತಮ್ಮ ಇಬ್ಬರ ತಲೆಗಳು ಕಾಣು­ತ್ತಿದ್ದವು, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು.

ಮಾರನೆಯ ದಿನ ಯಜಮಾನರು ಕೇಳಿಸಿಕೊಂಡು, ಮೂರರಲ್ಲಿ ಎರಡು ಲಾರಿಯನ್ನು ಕಿವಿಯ ಶೆಡ್ಡಿಗೆ ವಾಪಸು ಕಳಿಸಿದರು. ಇವನ ಬಾಡಿಗೆಯಲ್ಲಿ ವಾರಕ್ಕೆರಡು ದಿನ ಕಡಿಮೆ ಮಾಡಿದರು. ಬೆಣ್ಣೆ ಎಂದು ಕರೆಯುವುದನ್ನು ಬಿಟ್ಟರು. ಕೂಲಿ ಇಪ್ಪತ್ತೆರಡು ಸಾವಿರ ಸಂದಾಯವಾಯಿತು. ಹೆಂಡತಿ ಹನ್ನೆರಡು ದಿನ ಮಾತಾಡಲಿಲ್ಲ. ಹನ್ನೊಂದು ತಿಂಗಳ ಆ ಮಗುವಿಗೆ ಮೂರು ಫ್ರಾಕು ಚಿಕ್ಕದಾಗಿದ್ದವು. ನಾಲ್ಕನೆಯದು ಸರಿಯಾಗಿ ಕೂತಿತು.